ಆಪ್ಷನ್ ಎಂಟ್ರಿಗೆ ಕೂರುವ ಮುನ್ನ

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಕೈಗೆ ಸಿಕ್ಕ ಕೂಡಲೇ ಅನೇಕ ಮನೆಗಳಲ್ಲಿ ಹೊಸ ಗೊಂದಲ ಶುರುವಾಗುತ್ತದೆ. ಪರೀಕ್ಷೆಗೆ ಓದಲು ಎರಡು ವರ್ಷ ಸಿಕ್ಕಿತ್ತು, ಕಾಲೇಜು ಆರಿಸಲು ಸಿಗುವುದು ಕೆಲವೇ ದಿನ. ಸೋದರಮಾವ ಒಂದು ಕಾಲೇಜಿನ ಹೆಸರು ಹೇಳುತ್ತಾರೆ, ಟ್ಯೂಷನ್ ಮೇಷ್ಟ್ರು ಇನ್ನೊಂದನ್ನು ಹೇಳುತ್ತಾರೆ, ಪತ್ರಿಕೆಯ ಮುಖಪುಟದ ಜಾಹೀರಾತು ಮೂರನೆಯದನ್ನು ಹೇಳುತ್ತದೆ. ಕೊನೆಗೆ ಯಾರ ದನಿ ಜೋರಾಗಿತ್ತೋ ಅವರ ಮಾತು ನಡೆಯುತ್ತದೆ.

ಈ ಲೇಖನ ಎಂಜಿನಿಯರಿಂಗ್ ಸೇರಲಿರುವ ಮಕ್ಕಳಿಗೆ ಮತ್ತು ಅವರ ಹೆತ್ತವರಿಗೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗಳು ಅಥವಾ ಮಗ ನಾಲ್ಕು ವರ್ಷ ಕಳೆಯುವುದು ಒಂದು ವಿಭಾಗದಲ್ಲಿ. ಅದರ ಇಪ್ಪತ್ತು ಮೂವತ್ತು ಮೇಷ್ಟ್ರು, ನಾಲ್ಕಾರು ಲ್ಯಾಬು, ಜೊತೆಗೆ ಓದುವ ನೂರಾರು ಮಕ್ಕಳು, ಇಷ್ಟೇ ಅವರ ಕಾಲೇಜು. ಹೆಬ್ಬಾಗಿಲಿನ ಮೇಲಿನ ಹೆಸರು ಎಷ್ಟೇ ದೊಡ್ಡದಿರಲಿ, ಆ ವಿಭಾಗ ಸೊರಗಿದ್ದರೆ ನಾಲ್ಕು ವರ್ಷ ವ್ಯರ್ಥ. ಆದ್ದರಿಂದ ಹೆಸರನ್ನು ಬದಿಗಿಟ್ಟು ವಿಭಾಗವನ್ನು ಪರೀಕ್ಷಿಸಿ. ಅದಕ್ಕೆ ಬೇಕಾದ ಬಹುಪಾಲು ದಾಖಲೆ ಸಾರ್ವಜನಿಕವಾಗಿಯೇ ಇದೆ. ಎಲ್ಲಿ ನೋಡಬೇಕು, ಹೇಗೆ ಓದಬೇಕು ಎಂಬುದಷ್ಟೇ ತಿಳಿಯಬೇಕು.

ಈ ಆಯ್ಕೆಯ ಕಷ್ಟ ಹೊಸದು. 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಆರಂಭವಾದ, ಈಗ ಯುವಿಸಿಇ ಎಂದು ಕರೆಯುವ ಕಾಲೇಜಿನ ಕಾಲದಲ್ಲಿ ಆರಿಸಿಕೊಳ್ಳಲು ಬೇರೇನೂ ಇರಲಿಲ್ಲ. 1946ರಲ್ಲಿ ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ ಬಂದವು. ಮುಂದೆ ಖಾಸಗಿ ಕಾಲೇಜುಗಳು ಬೆಳೆದಂತೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಹಣ ಕೀಳುವ ಕ್ಯಾಪಿಟೇಶನ್ ಹಾವಳಿಯೂ ಬೆಳೆದು, 1984ರಲ್ಲಿ ರಾಜ್ಯ ಅದನ್ನು ಕಾನೂನು ಮಾಡಿ ನಿಷೇಧಿಸಿತು. ಸಿಇಟಿ ಬಂದದ್ದು 1994ರಲ್ಲಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಹುಟ್ಟಿದ್ದು 1998ರಲ್ಲಿ. ಈಗ ಹಾಸನ, ಹಾವೇರಿ, ರಾಯಚೂರಿನಂಥ ಊರುಗಳಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳೇ ಇವೆ. ಆಯ್ಕೆ ಹೆಚ್ಚಿದೆ, ಅದರೊಂದಿಗೆ ವಿಚಾರಿಸುವ ಹೊಣೆಯೂ ಹೆಚ್ಚಿದೆ.

ಪದವಿ ಕೊಡುವವರು ಯಾರು?

ಇದು ಮೊದಲ ಪ್ರಶ್ನೆ. ಯುಜಿಸಿ ಕಾಯ್ದೆ 1956ರ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಸಂಸತ್ತಿನ ಅಥವಾ ವಿಧಾನಮಂಡಲದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ಎಂದು ಘೋಷಣೆಯಾದವಕ್ಕೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸುತ್ತದೆ. ಹೊರರಾಜ್ಯದ, ಹೆಸರೇ ಕೇಳದ ಸಂಸ್ಥೆಯ ಏಜೆಂಟರು ಮನೆಗೆ ಬಂದರೆ ಆ ಪಟ್ಟಿಯನ್ನು ಒಮ್ಮೆ ನೋಡಿ. ಎಂಜಿನಿಯರಿಂಗ್ ಕಾಲೇಜಿಗೆ ಎಐಸಿಟಿಇ ಅನುಮೋದನೆ ಇದೆಯೇ, ನಿಮಗೆ ಬೇಕಾದ ಬ್ರಾಂಚಿಗೆ ಈ ವರ್ಷದ ಅನುಮೋದನೆ ಬಂದಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ವಿಟಿಯು ಅಡಿಯ ಕಾಲೇಜುಗಳಲ್ಲಿ ಎರಡು ಬಗೆ. ಸಾಮಾನ್ಯ ಸಂಯೋಜಿತ ಕಾಲೇಜಿನಲ್ಲಿ ಪಠ್ಯವೂ ಪ್ರಶ್ನೆಪತ್ರಿಕೆಯೂ ವಿಟಿಯುವಿನದು. ಸ್ವಾಯತ್ತ ಕಾಲೇಜಿನಲ್ಲಿ ಪಠ್ಯ, ಪರೀಕ್ಷೆ, ಮೌಲ್ಯಮಾಪನ ಎಲ್ಲ ಕಾಲೇಜಿನವೇ, ಪದವಿ ಮಾತ್ರ ವಿಟಿಯುವಿನದು. ಒಳ್ಳೆಯ ಮೇಷ್ಟ್ರಿದ್ದ ಕಡೆ ಸ್ವಾಯತ್ತತೆ ವರ, ಏಕೆಂದರೆ ಉದ್ಯಮ ಬದಲಾದಂತೆ ಅವರು ಪಠ್ಯವನ್ನೂ ಬೇಗ ಬದಲಾಯಿಸಬಲ್ಲರು. ಮೇಷ್ಟ್ರೇ ಸಾಲದ ಕಡೆ ಅದೇ ಸ್ವಾತಂತ್ರ್ಯ ಪಾಠ ತೆಳುವಾಗಲು, ಅಂಕ ಸಲೀಸಾಗಲು ದಾರಿ ಮಾಡುತ್ತದೆ. ಆದ್ದರಿಂದ ‘ಸ್ವಾಯತ್ತ’ ಎಂಬ ಒಂದೇ ಪದ ನೋಡಿ ತೀರ್ಮಾನಿಸಬೇಡಿ.

ನ್ಯಾಕ್, ಎನ್‌ಬಿಎ, ಎನ್‌ಐಆರ್‌ಎಫ್

ಜಾಹೀರಾತುಗಳಲ್ಲಿ ಈ ಮೂರೂ ಒಟ್ಟೊಟ್ಟಿಗೆ ಬರುತ್ತವೆ. ಮೂರರ ಕೆಲಸವೂ ಬೇರೆ ಬೇರೆ.

ನ್ಯಾಕ್ ಇಡೀ ಸಂಸ್ಥೆಯನ್ನು ಅಳೆಯುತ್ತದೆ. ಈವರೆಗಿನ ಪದ್ಧತಿಯಲ್ಲಿ 4ಕ್ಕೆ 3.51 ಅಥವಾ ಹೆಚ್ಚು ಬಂದರೆ ಎ++, 3.26ರಿಂದ 3.50ರವರೆಗೆ ಎ+, 3.01ರಿಂದ 3.25ರವರೆಗೆ ಎ. ಅದು ಗ್ರಂಥಾಲಯ, ಆಡಳಿತ, ಕಟ್ಟಡ, ಎಲ್ಲವನ್ನೂ ಸೇರಿಸಿ ಕೊಟ್ಟ ಅಂಕ. ನಿಮ್ಮ ಮೆಕ್ಯಾನಿಕಲ್ ವಿಭಾಗ ಹೇಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಎನ್‌ಬಿಎ ಒಂದೊಂದು ಬ್ರಾಂಚನ್ನೇ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದದ್ದು ಎನ್‌ಬಿಎ ಮೂಲಕವೇ. ಮುಂದೆ ಹೊರದೇಶಕ್ಕೆ ಹೋಗುವ ಆಸೆಯಿದ್ದವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಒಂದು ಸೂಕ್ಷ್ಮ ಗಮನಿಸಿ: ಕನಿಷ್ಠ ಎರಡು ಬ್ಯಾಚು ಪದವಿ ಪಡೆದು ಹೊರಬಂದ ಮೇಲಷ್ಟೇ ಒಂದು ಬ್ರಾಂಚ್ ಎನ್‌ಬಿಎ ಮಾನ್ಯತೆಗೆ ಅರ್ಜಿ ಹಾಕಬಹುದು. ‘ನಮ್ಮ ಕಾಲೇಜಿಗೆ ಎನ್‌ಬಿಎ ಇದೆ’ ಎಂದು ಹೇಳಿದಾಗ ‘ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ’ ಎಂದು ಕೇಳಿ. ನಿನ್ನೆ ಮೊನ್ನೆ ತೆರೆದ ಕೃತಕ ಬುದ್ಧಿಮತ್ತೆಯ ಬ್ರಾಂಚಿಗೆ ಅದು ಇರಲು ಸಾಧ್ಯವಿಲ್ಲ.

ಇನ್ನು ಎನ್‌ಐಆರ್‌ಎಫ್. ಕೇಂದ್ರ ಶಿಕ್ಷಣ ಸಚಿವಾಲಯದ ಈ ಶ್ರೇಯಾಂಕ 2016ರಿಂದ ಬರುತ್ತಿದೆ. ಎಲ್ಲರೂ ನೋಡುವುದು ‘ಎಷ್ಟನೇ ಸ್ಥಾನ’ ಎಂಬುದನ್ನು. ನನಗೆ ಆ ಸ್ಥಾನಕ್ಕಿಂತ ಅದರ ಹಿಂದಿರುವ ಕಾಗದವೇ ಮುಖ್ಯ ಎನಿಸುತ್ತದೆ. ಈ ಶ್ರೇಯಾಂಕಕ್ಕೆ ಸ್ಪರ್ಧಿಸುವ ಪ್ರತಿ ಕಾಲೇಜೂ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಮುಖಪುಟದ ಯಾವುದೋ ಮೂಲೆಯಲ್ಲಿ ‘ಎನ್‌ಐಆರ್‌ಎಫ್’ ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಒಂದು ಪಿಡಿಎಫ್ ತೆರೆಯುತ್ತದೆ. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ನಿಗದಿತ ನಾಲ್ಕೇ ವರ್ಷದಲ್ಲಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಮಧ್ಯಾಂಕ ಸಂಬಳ ಎಷ್ಟು ಎಂಬ ಸಾಲುಗಳು ಅಲ್ಲಿವೆ. ಇದು ಇಡೀ ಕಾಲೇಜಿನ ಲೆಕ್ಕ, ಬ್ರಾಂಚಿನದಲ್ಲ. ಆದರೂ ಕಾಲೇಜು ತಾನಾಗಿ ಬರೆದು ಸರ್ಕಾರಕ್ಕೆ ಕೊಟ್ಟ ಲೆಕ್ಕವಾದ್ದರಿಂದ ಜಾಹೀರಾತಿಗಿಂತ ಮೇಲು.

ಅದನ್ನು ಓದುವುದು ಹೇಗೆ? ಒಂದು ಕಲ್ಪಿತ ಉದಾಹರಣೆ. ಕಾಲೇಜಿಗೆ 300 ಮಕ್ಕಳು ಸೇರಿದ್ದರು. ನಾಲ್ಕು ವರ್ಷದಲ್ಲಿ ಮುಗಿಸಿದವರು 210. ಕೆಲಸ ಸಿಕ್ಕಿದ್ದು 126 ಮಂದಿಗೆ. ಜಾಹೀರಾತು ‘ಶೇ 90 ಪ್ಲೇಸ್‌ಮೆಂಟ್’ ಎನ್ನುತ್ತದೆ. ಇದು ಸುಳ್ಳಾಗಿರಲೇಬೇಕೆಂದಿಲ್ಲ. ಬ್ಯಾಕ್‌ಲಾಗ್ ಇಲ್ಲದ, ಶೇ 60ಕ್ಕಿಂತ ಹೆಚ್ಚು ಅಂಕದ, ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಹೆಸರು ನೋಂದಾಯಿಸಿದ 140 ಮಂದಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ 126 ಎಂದರೆ ಶೇ 90ರಷ್ಟೇ ಆಗುತ್ತದೆ. ಆದರೆ ನಿಮ್ಮ ಮಗು ಸೇರುತ್ತಿರುವುದು ಆ 300ರ ಗುಂಪಿಗೆ. ಅಲ್ಲಿಂದ ಲೆಕ್ಕ ಹಾಕಿದರೆ ಶೇ 42. ನಾಲ್ಕು ವರ್ಷದಲ್ಲಿ ಮುಗಿಸದೆ ಉಳಿದ 90 ಮಕ್ಕಳು ಏನಾದರು ಎಂಬ ಪ್ರಶ್ನೆಯನ್ನು ಯಾವ ಜಾಹೀರಾತೂ ಎತ್ತುವುದಿಲ್ಲ, ನೀವು ಎತ್ತಬೇಕು.

ಸಂಬಳದ ಮಾತೂ ಹೀಗೆಯೇ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ 4 ಲಕ್ಷ, ಒಬ್ಬರಿಗೆ 44 ಲಕ್ಷ ಸಿಕ್ಕಿತು ಎನ್ನಿ. ಸರಾಸರಿ 8 ಲಕ್ಷ. ಆದರೆ ಆ ಹತ್ತು ಮಂದಿಯಲ್ಲಿ 8 ಲಕ್ಷದ ಸಂಬಳ ಯಾರಿಗೂ ಇಲ್ಲ. ಸಂಬಳಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ತೆಗೆದರೆ ಸಿಗುವ 4 ಲಕ್ಷವೇ ಮಧ್ಯಾಂಕ. ಜಾಹೀರಾತಿನಲ್ಲಿ ಅತ್ಯಧಿಕ ಪ್ಯಾಕೇಜ್ ಇರುತ್ತದೆ, ಹೆಚ್ಚೆಂದರೆ ಸರಾಸರಿ ಇರುತ್ತದೆ. ನೀವು ಮಧ್ಯಾಂಕವನ್ನು ಹುಡುಕಿ.

ಮೇಷ್ಟ್ರ ಲೆಕ್ಕ

ಎಐಸಿಟಿಇ ನಿಯಮದಂತೆ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಇರಬೇಕು. ವರ್ಷಕ್ಕೆ 120 ಸೀಟಿನ ಬ್ರಾಂಚಿನಲ್ಲಿ ಎರಡನೇ ವರ್ಷದಿಂದ ನಾಲ್ಕನೇ ವರ್ಷದವರೆಗೆ 360 ಮಕ್ಕಳು. ಅಂದರೆ ವಿಭಾಗದಲ್ಲಿ ಸ್ಥೂಲವಾಗಿ 18 ಮಂದಿ ಕಾಯಂ ಮೇಷ್ಟ್ರು ಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ವಿಭಾಗದ ಪುಟ ತೆರೆದು ಎಣಿಸಿ. ಬರೀ ಎಣಿಸಿದರೆ ಸಾಲದು, ಅವರು ಯಾವಾಗ ಸೇರಿದರು ಎಂದೂ ನೋಡಿ. ಹೆಚ್ಚಿನವರು ಕಳೆದ ಎರಡು ವರ್ಷದಲ್ಲೇ ಸೇರಿದ್ದರೆ ಅಲ್ಲಿ ಯಾರೂ ನಿಲ್ಲುತ್ತಿಲ್ಲ ಎಂದರ್ಥ. ಸಂಬಳ ಸರಿಯಾಗಿ ಕೊಡದ, ಮೇಷ್ಟ್ರಿಗೆ ಅಡ್ಮಿಷನ್ ಹುಡುಕುವ ಕೆಲಸ ಹಚ್ಚುವ ಕಾಲೇಜಿನಲ್ಲಿ ಒಳ್ಳೆಯವರು ನಿಲ್ಲುವುದಿಲ್ಲ. ಹತ್ತು ಹದಿನೈದು ವರ್ಷದಿಂದ ಅಲ್ಲೇ ಇರುವ ನಾಲ್ಕೈದು ಪ್ರಾಧ್ಯಾಪಕರು ಒಂದು ವಿಭಾಗದ ನಿಜವಾದ ಆಸ್ತಿ.

ಈಗ ಈ ಲೆಕ್ಕ ಇನ್ನೂ ಮುಖ್ಯ. 2024-25ರಿಂದ ಎಐಸಿಟಿಇ ಉತ್ತಮ ಸಾಧನೆಯ ಸಂಸ್ಥೆಗಳಲ್ಲಿ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದಿದೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಒಮ್ಮೆಗೇ ಹಲವು ಸೆಕ್ಷನ್ ಹೆಚ್ಚಿಸಿದ ಕಾಲೇಜು ಅದಕ್ಕೆ ತಕ್ಕ ಮೇಷ್ಟ್ರನ್ನೂ ಲ್ಯಾಬನ್ನೂ ಹೆಚ್ಚಿಸಿದೆಯೇ? ಕಳೆದ ವರ್ಷಗಳ ಒಳ್ಳೆಯ ಹೆಸರು ಬಂದದ್ದು ಸಣ್ಣ ವಿಭಾಗವಿದ್ದಾಗ. ಈಗಿನ ದೊಡ್ಡ ವಿಭಾಗಕ್ಕೂ ಅದು ಹೊಂದುತ್ತದೆಯೇ ಎಂದು ಕೇಳಲೇಬೇಕು.

‘ಒಳ್ಳೆಯ ಕಾಲೇಜಿನಲ್ಲಿ ಸಿವಿಲ್ ತೆಗೆದುಕೊಳ್ಳಬೇಕೋ, ಸಾಧಾರಣ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಬೇಕೋ?’ ಪ್ರತಿ ವರ್ಷ ಎಲ್ಲ ಮನೆಯಲ್ಲೂ ಬರುವ ಪ್ರಶ್ನೆ. ಮಗುವಿಗೆ ಒಂದು ಬ್ರಾಂಚಿನ ಮೇಲೆ ನಿಜವಾದ ಒಲವಿದ್ದರೆ ಆ ಬ್ರಾಂಚೇ ಮೊದಲು, ಅದರಲ್ಲಿ ಅನುಮಾನವಿಲ್ಲ. ಒಲವು ಸ್ಪಷ್ಟವಿಲ್ಲದಿದ್ದರೆ ಗಟ್ಟಿ ವಿಭಾಗವಿರುವ ಕಾಲೇಜಿನ ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್‌ನಂಥ ಮೂಲ ಬ್ರಾಂಚು ವಾಸಿ ಎಂಬುದು ನನ್ನ ಅಭಿಪ್ರಾಯ. ಗಣಿತ, ಭೌತಶಾಸ್ತ್ರ ಗಟ್ಟಿಯಾದವರು ಪ್ರೋಗ್ರಾಮಿಂಗ್ ಕಲಿಯಬಲ್ಲರು. ಮೇಷ್ಟ್ರಿಲ್ಲದ ವಿಭಾಗದಲ್ಲಿ ಚಂದದ ಹೆಸರಿನ ಬ್ರಾಂಚು ತೆಗೆದುಕೊಂಡವರಿಗೆ ಮೂಲ ವಿಷಯ, ಪ್ರೋಗ್ರಾಮಿಂಗ್ ಎರಡೂ ತಪ್ಪಿಹೋಗುವ ಅಪಾಯವಿದೆ.

ನಾಲ್ಕು ವರ್ಷದ ಖರ್ಚು

ಮೊದಲ ವರ್ಷದ ಶುಲ್ಕ ನೋಡಿ ಕಾಲೇಜು ಆರಿಸುವ ಮನೆಗಳು ಮೂರನೇ ವರ್ಷದಲ್ಲಿ ಸಾಲಕ್ಕೆ ಓಡುತ್ತವೆ. ಒಂದು ಹಾಳೆ ತೆಗೆದುಕೊಂಡು ನಾಲ್ಕೂ ವರ್ಷದ ಲೆಕ್ಕ ಬರೆಯಿರಿ: ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ‘ಇತರೆ’ ಎಂದು ಕಾಲೇಜು ಕೇಳುವ ಹಣ, ಹಾಸ್ಟೆಲ್ ಅಥವಾ ಪಿಜಿ, ಮೆಸ್ಸು, ಬಸ್ಸು, ಲ್ಯಾಪ್‌ಟಾಪ್, ಹಬ್ಬಕ್ಕೆ ಊರಿಗೆ ಬಂದು ಹೋಗುವ ಖರ್ಚು. ಬೆಂಗಳೂರಿನ ಕಾಲೇಜಿಗೂ ಮನೆಯಿಂದ ಓಡಾಡಬಹುದಾದ ಜಿಲ್ಲಾ ಕೇಂದ್ರದ ಕಾಲೇಜಿಗೂ ಇರುವ ವ್ಯತ್ಯಾಸ ಶುಲ್ಕಕ್ಕಿಂತ ಹೆಚ್ಚಾಗಿ ಊಟ ವಸತಿಯಲ್ಲಿ ಕಾಣುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಗಿರುವುದರಿಂದ, ಓಡಾಡಿ ಓದುವ ಮಗಳ ಬಸ್ಸಿನ ಖರ್ಚನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಒಂದೇ ಖಾಸಗಿ ಕಾಲೇಜಿನ ಒಂದೇ ಬೆಂಚಿನಲ್ಲಿ ಕೂತ ಮೂವರು ಬೇರೆ ಬೇರೆ ಶುಲ್ಕ ಕಟ್ಟಿರಬಹುದು: ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಬಂದವರು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ ಮೂಲಕ ಬಂದವರು, ಮ್ಯಾನೇಜ್‌ಮೆಂಟ್ ಸೀಟಿನವರು. ಅವರಿಗೆ ಸಿಗುವ ಪಾಠ, ಪದವಿ ಮಾತ್ರ ಒಂದೇ. ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಮೊದಲು ನಿಮ್ಮ ರ‍್ಯಾಂಕಿಗೆ ಕೆಇಎ ಮೂಲಕ ಇನ್ನೆಲ್ಲಿ ಸೀಟು ಸಿಗುತ್ತದೆ ಎಂದು ಪೂರ್ತಿ ನೋಡಿ ಎಂಬುದು ನನ್ನ ಕಳಕಳಿಯ ಮನವಿ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಸ್‌ಎನ್‌ಕ್ಯೂ ಎಂಬ ಸೂಪರ್ ನ್ಯೂಮರರಿ ಕೋಟಾ ಇದೆ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟು ಇದರಡಿ ಸಿಗುತ್ತವೆ ಮತ್ತು ಬೋಧನಾ ಶುಲ್ಕ ಇರುವುದಿಲ್ಲ. ಒಳ್ಳೆಯ ಅಂಕವಿದ್ದೂ ಹಣದ ಚಿಂತೆಯಿರುವ ಮಕ್ಕಳು ಇದನ್ನು ಬಿಡಬಾರದು. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ, ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುವ ವಿದ್ಯಾರ್ಥಿವೇತನಗಳು, ಅಲ್ಪಸಂಖ್ಯಾತರ ನಿಗಮದ ಅರಿವು ಸಾಲ, ಇವುಗಳ ಅರ್ಜಿಯ ದಿನಾಂಕಗಳನ್ನು ಈಗಲೇ ಗುರುತು ಹಾಕಿಕೊಳ್ಳಿ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಯೂ ಉಂಟು. ನೀವು ಆರಿಸುತ್ತಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದೂ ಆಯ್ಕೆಯ ಒಂದು ಅಂಶವಾಗಲಿ.

ಹೋಗಿ ನೋಡಿ

ನಿಮ್ಮ ಆಯ್ಕೆಯ ಪಟ್ಟಿಯಲ್ಲಿ ಮೇಲಿರುವ ಮೂರು ನಾಲ್ಕು ಕಾಲೇಜಿಗಾದರೂ ಹೋಗಿ ಬನ್ನಿ. ಭಾನುವಾರ ಬೇಡ, ‘ಓಪನ್ ಹೌಸ್’ ದಿನವೂ ಬೇಡ. ತರಗತಿ ನಡೆಯುತ್ತಿರುವ ಕೆಲಸದ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಎಲ್ಲ ತಾನಾಗಿಯೇ ಕಾಣುತ್ತದೆ. ಅಡ್ಮಿಷನ್ ಕೌಂಟರಿನಲ್ಲಿ ಕೂತವರ ಮಾತನ್ನು ಸಾವಧಾನವಾಗಿ ಕೇಳಿ, ಆಮೇಲೆ ಕ್ಯಾಂಟೀನಿಗೆ ಹೋಗಿ ಮೂರನೇ, ನಾಲ್ಕನೇ ವರ್ಷದ ಮಕ್ಕಳನ್ನು ಮಾತಿಗೆಳೆಯಿರಿ. ‘ಕಾಲೇಜು ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ ಅಂಕಲ್’ ಎಂಬ ಉತ್ತರವಷ್ಟೇ ಬರುತ್ತದೆ. ಹೀಗೆ ಕೇಳಿ:

1. ಕಳೆದ ಸೆಮಿಸ್ಟರ್‌ನಲ್ಲಿ ಮಧ್ಯದಲ್ಲೇ ಬಿಟ್ಟುಹೋದ ಮೇಷ್ಟ್ರು ಎಷ್ಟು ಮಂದಿ? ಅವರ ಪಾಠ ಯಾರು ಮುಗಿಸಿದರು?

2. ಲ್ಯಾಬಿನಲ್ಲಿ ಒಂದು ಉಪಕರಣಕ್ಕೆ ಎಷ್ಟು ಮಂದಿ? ನೀವೇ ಪ್ರಯೋಗ ಮಾಡುತ್ತೀರೋ, ರೆಕಾರ್ಡ್ ನೋಡಿ ಬರೆಯುತ್ತೀರೋ?

3. ನಿಮ್ಮ ಬ್ರಾಂಚಿಗೆ ಯಾವ ಕಂಪನಿಗಳು ಬಂದವು? ಆಫರ್ ಲೆಟರ್ ಬಂದವರಲ್ಲಿ ಎಷ್ಟು ಮಂದಿ ನಿಜವಾಗಿ ಕೆಲಸಕ್ಕೆ ಸೇರಿದರು?

4. ಫಾರಂನಲ್ಲಿ ಬರೆದ ಶುಲ್ಕ ಬಿಟ್ಟು ಬೇರೆ ಯಾವುದಕ್ಕೆಲ್ಲ ಹಣ ಕಟ್ಟಿದಿರಿ?

5. ಹಾಸ್ಟೆಲಿನಲ್ಲಿ ಬೇಸಿಗೆಯಲ್ಲಿ ನೀರು ಬರುತ್ತದೆಯೇ? ರಾತ್ರಿ ಹುಷಾರು ತಪ್ಪಿದರೆ ಯಾರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ?

6. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷ ಹೇಗೆ ನಿಭಾಯಿಸಿದರು?

ಆರನೇ ಪ್ರಶ್ನೆಯ ಬಗ್ಗೆ ಇನ್ನಷ್ಟು ಹೇಳಬೇಕು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಪಿಯುಸಿಯಲ್ಲಷ್ಟೇ ಇಂಗ್ಲಿಷಿಗೆ ಬಂದ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಸೋಲುವುದು ದಡ್ಡತನದಿಂದಲ್ಲ. ಪಾಠ ಅರ್ಥವಾಗುವ ಮೊದಲೇ ಮುಂದಕ್ಕೆ ಓಡುತ್ತದೆ, ಎದ್ದು ನಿಂತು ಕೇಳಲು ಮುಜುಗರ. ಕ್ಲಾಸು ಮುಗಿದ ಮೇಲೆ ಕನ್ನಡದಲ್ಲಿ ಕೂರಿಸಿಕೊಂಡು ಹೇಳಿಕೊಡುವ ಮೇಷ್ಟ್ರು, ಹಿಂದೆ ಬಿದ್ದವರಿಗೆ ಸಂಜೆ ತರಗತಿ ನಡೆಸುವ ವಿಭಾಗ, ಇಂಥವು ಇರುವ ಕಾಲೇಜು ಅಂಥ ಮಗುವಿಗೆ ಎ++ ಕಾಲೇಜಿಗಿಂತ ದೊಡ್ಡದು. ಇದು ಯಾವ ಶ್ರೇಯಾಂಕದಲ್ಲೂ ಕಾಣುವುದಿಲ್ಲ. ಕೇಳಿಯೇ ತಿಳಿಯಬೇಕು.

ಹೆಣ್ಣುಮಕ್ಕಳನ್ನು ಕಳಿಸುವವರು ಶೌಚಾಲಯ, ಕೊನೆಯ ಬಸ್ಸಿನ ಸಮಯ ವಿಚಾರಿಸಿ, ಬಸ್ ಸ್ಟಾಪಿನಿಂದ ಕಾಲೇಜಿನವರೆಗಿನ ದಾರಿಯನ್ನು ತಾವೇ ನಡೆದು ನೋಡಿ. ದೂರು ಕೊಡಬೇಕಾದ ಆಂತರಿಕ ಸಮಿತಿಯ ಸದಸ್ಯರ ಹೆಸರು, ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522, ಇವು ನೋಟಿಸ್ ಬೋರ್ಡಿನಲ್ಲಿ ಇವೆಯೇ ಎಂಬುದನ್ನೂ ಗಮನಿಸಿ.

ಆಪ್ಷನ್ ಎಂಟ್ರಿ ಹೇಗೆ ಕೆಲಸ ಮಾಡುತ್ತದೆ

ಇಷ್ಟೆಲ್ಲ ವಿಚಾರಿಸಿದ ಮೇಲೂ ಹಲವರು ಎಡವುವುದು ಇಲ್ಲಿ. ಹಂತಗಳಿಗಿಂತ ಮೊದಲು ಅದರ ತರ್ಕ ತಿಳಿಯಿರಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸೀಟು ಹಂಚುವಾಗ ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಒಂದನೇ ಆಪ್ಷನ್ ನೋಡುತ್ತದೆ. ನಿಮ್ಮ ವರ್ಗಕ್ಕೆ ಅಲ್ಲಿ ಸೀಟು ಉಳಿದಿದ್ದರೆ ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು, ಹೀಗೆ ಕೆಳಗಿಳಿಯುತ್ತದೆ.

ಇದರಿಂದ ಎರಡು ವಿಷಯ ಸ್ಪಷ್ಟ. ಒಂದು, ಸಿಗಲಾರದೆಂದು ತೋರುವ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಕಾಲೇಜು ಸಿಗುವ ಅವಕಾಶ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ‘ದೊಡ್ಡ ಕಾಲೇಜು ಮೇಲೆ ಹಾಕಿದರೆ ಇದೂ ತಪ್ಪುತ್ತದೆ’ ಎಂದು ಸೈಬರ್ ಸೆಂಟರಿನವರು ಹೇಳಿದರೆ ನಂಬಬೇಡಿ. ಎರಡು, ಸುಲಭವಾಗಿ ಸಿಗುವ ಕಾಲೇಜನ್ನು ಭಯದಿಂದ ಮೇಲೆ ಬರೆದರೆ ಕಂಪ್ಯೂಟರ್ ಅದನ್ನೇ ಕೊಟ್ಟು ನಿಲ್ಲುತ್ತದೆ. ಕೆಳಗೆ ಬರೆದ ನಿಮ್ಮ ಇಷ್ಟದ ಕಾಲೇಜನ್ನು ನೋಡುವುದೇ ಇಲ್ಲ. ಆದ್ದರಿಂದ ಪಟ್ಟಿಯ ಕ್ರಮ ನಿಮ್ಮ ಇಷ್ಟದ ಕ್ರಮವೇ ಆಗಿರಬೇಕು.

ಈಗ ಮಾಡಬೇಕಾದದ್ದು:

1. ಕೆಇಎ ವೆಬ್‌ಸೈಟಿನಲ್ಲಿ ಕಳೆದ ಎರಡು ಮೂರು ವರ್ಷದ ಕಟ್‌ಆಫ್ ರ‍್ಯಾಂಕ್ ಇಳಿಸಿಕೊಳ್ಳಿ. ಜಿಎಂ (ಸಾಮಾನ್ಯ ವರ್ಗ) ಕಟ್‌ಆಫ್ ನೋಡಿ ಹೆದರಬೇಡಿ. 2ಎ, 3ಬಿ, ಎಸ್‌ಸಿ, ಎಸ್‌ಟಿ, ಗ್ರಾಮೀಣ, ಕನ್ನಡ ಮಾಧ್ಯಮ, ಹೀಗೆ ನಿಮ್ಮ ವರ್ಗದ ಕಲಂ ಬೇರೆಯೇ ಇದೆ. ಮೊದಲ ಸುತ್ತಿನ ಮತ್ತು ಕೊನೆಯ ಸುತ್ತಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2. ಮನೆಯಲ್ಲಿ ಕೂತು ಕಾಗದದ ಮೇಲೆ ಪಟ್ಟಿ ಮಾಡಿ. ರ‍್ಯಾಂಕಿಗೆ ಎಟುಕದ ಕನಸಿನ ಕಾಲೇಜುಗಳು ಮೇಲೆ, ಎಟುಕಬಹುದಾದವು ನಡುವೆ, ಖಚಿತವಾಗಿ ಸಿಗುವವು ಕೆಳಗೆ. ಕಾಲೇಜು ಮತ್ತು ಬ್ರಾಂಚು ಸೇರಿ ಒಂದು ಆಪ್ಷನ್ ಎಂಬುದು ನೆನಪಿರಲಿ.

3. ಪ್ರತಿ ಸಾಲಿನ ಮುಂದೆ ‘ಇದು ಸಿಕ್ಕರೆ ಹೋಗುತ್ತೇನೆಯೇ’ ಎಂದು ಮಗುವನ್ನೇ ಕೇಳಿ. ‘ಇಲ್ಲ’ ಎಂದರೆ ಆ ಸಾಲು ಹೊಡೆದು ಹಾಕಿ.

4. ಅಣಕು ಹಂಚಿಕೆಯ ಫಲಿತಾಂಶ ಬಂದಾಗ ಕ್ರಮವನ್ನು ಮತ್ತೊಮ್ಮೆ ಪರಿಶೀಲಿಸಿ. ಸಾಮಾನ್ಯವಾಗಿ ಮುಂದಿನ ಸುತ್ತುಗಳಲ್ಲಿ ಆಪ್ಷನ್ ತೆಗೆಯಬಹುದು, ಮೇಲೆ ಕೆಳಗೆ ಮಾಡಬಹುದು, ಹೊಸದಾಗಿ ಸೇರಿಸಲಾಗದು. ಆದ್ದರಿಂದ ಮೊದಲೇ ಧಾರಾಳವಾಗಿ ಬರೆಯಿರಿ.

5. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದನೆಯದು: ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ. ಎರಡನೆಯದು: ಈ ಸೀಟು ಇರಲಿ, ಇದಕ್ಕಿಂತ ಮೇಲಿನ ಆಪ್ಷನ್ ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಮೂರನೆಯದು: ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು: ಪ್ರಕ್ರಿಯೆಯಿಂದಲೇ ಹೊರಗೆ. ಯಾವ ಚಾಯ್ಸಿಗೆ ಯಾವಾಗ ಹಣ ಕಟ್ಟಬೇಕೆಂಬ ನಿಯಮ ವರ್ಷ ವರ್ಷ ಬದಲಾಗುವುದರಿಂದ ಆ ವರ್ಷದ ಸೂಚನೆಯನ್ನೇ ಓದಿ.

ಸಾಮಾನ್ಯ ತಪ್ಪುಗಳು

ಎರಡನೇ ಚಾಯ್ಸ್ ಕೊಟ್ಟು ಪಟ್ಟಿಯನ್ನು ಹಾಗೇ ಬಿಡುವುದು ದೊಡ್ಡ ತಪ್ಪು. ಮುಂದಿನ ಸುತ್ತಿನಲ್ಲಿ ಮೇಲಿನ ಯಾವುದೇ ಆಪ್ಷನ್ ಸಿಕ್ಕರೂ ಕೈಯಲ್ಲಿರುವ ಸೀಟು ತಾನಾಗಿ ರದ್ದಾಗುತ್ತದೆ. ಈಗಿನದಕ್ಕಿಂತ ನಿಜವಾಗಿಯೂ ಹೆಚ್ಚು ಇಷ್ಟವಾದವು ಮಾತ್ರ ಮೇಲೆ ಉಳಿಯಲಿ.

ಐದಾರು ಆಪ್ಷನ್ ಬರೆದು ನಿಲ್ಲಿಸುವವರು ಒಳ್ಳೆಯ ರ‍್ಯಾಂಕಿದ್ದೂ ಸೀಟಿಲ್ಲದೆ ಉಳಿಯುತ್ತಾರೆ. ಗೆಳೆಯರೆಲ್ಲ ಸೇರಿ ಒಂದೇ ಪಟ್ಟಿ ನಕಲು ಮಾಡುವುದೂ ನಡೆಯುತ್ತದೆ.

ದಾಖಲೆಯ ತಪ್ಪು ಇನ್ನೂ ದುಬಾರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿನ ಹೆಸರು, ಅರ್ಜಿಯಲ್ಲಿನ ಹೆಸರು ಹೊಂದದಿದ್ದರೆ ಮೀಸಲಾತಿ ತಪ್ಪಿ ಸಾಮಾನ್ಯ ವರ್ಗಕ್ಕೆ ಸೇರಿಬಿಡುತ್ತೀರಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಕಲ್ಯಾಣ ಕರ್ನಾಟಕದವರು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಮೊದಲೇ ಮಾಡಿಸಿಕೊಳ್ಳಿ. ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಅವರಿಗೆ ಮೀಸಲು. ಇಷ್ಟು ದೊಡ್ಡ ಅವಕಾಶವನ್ನು ಒಂದು ಕಾಗದ ತಡವಾದ ಕಾರಣಕ್ಕೆ ಕಳೆದುಕೊಳ್ಳಬಾರದು.

ಎಚ್ಚರಿಕೆ

ಕೆಇಎ ಲಾಗಿನ್ ಐಡಿ, ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. 2024ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವ) ಪ್ರಕರಣದಲ್ಲಿ ಅಭ್ಯರ್ಥಿಗಳ ಲಾಗಿನ್ ಮಾಹಿತಿ ಬಳಸಿಯೇ ಆಪ್ಷನ್ ದಾಖಲಿಸಿದ ಆರೋಪ ಬಂದು, ಕೆಇಎ ದೂರಿನ ಮೇಲೆ ಪೊಲೀಸರು ಹಲವರನ್ನು ಬಂಧಿಸಿದ್ದರು. ಸೈಬರ್ ಸೆಂಟರಿಗೆ ಹೋಗಲೇಬೇಕಾದರೆ ಮಗು ಪಕ್ಕದಲ್ಲಿ ಕೂತು ತಾನೇ ಟೈಪ್ ಮಾಡಲಿ, ಮುಗಿದ ಮೇಲೆ ಲಾಗ್‌ಔಟ್ ಮಾಡಿ ಪ್ರಿಂಟ್ ತೆಗೆದುಕೊಂಡು ಬರಲಿ.

‘ಎರಡೇ ಸೀಟು ಉಳಿದಿದೆ, ಇವತ್ತೇ ಬುಕ್ ಮಾಡಿ’ ಎಂದು ಫೋನ್ ಬಂದರೆ ಹಣ ಕಳಿಸಬೇಡಿ. ಕಟ್ಟುವ ಪ್ರತಿ ರೂಪಾಯಿಗೂ ಕಾಲೇಜಿನ ರಸೀದಿ ಪಡೆಯಿರಿ. ರಸೀದಿ ಕೊಡದ ಹಣ ಕ್ಯಾಪಿಟೇಶನ್ನೇ, ಅದು ಕಾನೂನುಬಾಹಿರ. ಬೇರೆ ಕಡೆ ಸೀಟು ಸಿಕ್ಕಾಗ ಮೂಲ ಅಂಕಪಟ್ಟಿ ಹಿಂದಿರುಗಿಸಲು ಸತಾಯಿಸುವ ಸಂಸ್ಥೆಗಳಿವೆ. ಯುಜಿಸಿಯ 2018ರ ಅಧಿಸೂಚನೆ ಮೂಲ ದಾಖಲೆಗಳನ್ನು ಸಂಸ್ಥೆ ಇಟ್ಟುಕೊಳ್ಳಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಪ್ರವೇಶದ ಕೊನೆಯ ದಿನಾಂಕಕ್ಕಿಂತ 15 ದಿನ ಮೊದಲು ತಿಳಿಸಿದರೆ ಗರಿಷ್ಠ ₹5,000 ಕಡಿತ ಬಿಟ್ಟು ಉಳಿದ ಶುಲ್ಕ ಪೂರ್ತಿ ವಾಪಸ್ ಕೊಡಬೇಕು ಎಂದೂ ಅದರಲ್ಲಿದೆ. ಬಾಯಿಮಾತಿನಲ್ಲಿ ಬೇಡಿಕೊಳ್ಳುವ ಬದಲು ಆ ಅಧಿಸೂಚನೆಯನ್ನು ಉಲ್ಲೇಖಿಸಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿಯ ಸಹಿ ಪಡೆಯಿರಿ.

ಬಿಎ, ಬಿಎಸ್ಸಿ, ಬಿಕಾಂ ಸೇರುವವರಿಗೆ

ಪದವಿ ಕಾಲೇಜಿಗೂ ಮೇಷ್ಟ್ರ ಲೆಕ್ಕ, ಖರ್ಚಿನ ಹಾಳೆ, ಕ್ಯಾಂಟೀನಿನ ಪ್ರಶ್ನೆಗಳು ಅನ್ವಯಿಸುತ್ತವೆ. ಎರಡು ಮಾತು ಮಾತ್ರ ಹೆಚ್ಚಿಗೆ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಯಲ್ಲಿದೆ, ಹಳೆಯ ನಾಲ್ಕು ವರ್ಷದ ಮಾಹಿತಿ ಪುಸ್ತಿಕೆ ಹಿಡಿದು ವಿಷಯ ಆರಿಸಬೇಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಮೇಲೆ ಪಾಠ ನಿಂತಿರುವ ವಿಷಯಗಳು ಹಲವು. ಅವರ ನೇಮಕ ತಡವಾದರೆ ಸೆಮಿಸ್ಟರಿನ ಅರ್ಧ ಕಳೆದುಹೋಗುತ್ತದೆ. ನಿಮ್ಮ ವಿಷಯಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ ಎಂದು ಪ್ರಾಂಶುಪಾಲರನ್ನೇ ನೇರವಾಗಿ ಕೇಳಿ.

ಮತ್ತೆ ಎಂಜಿನಿಯರಿಂಗ್ ಸೇರುವವರಿಗೆ ಒಂದು ಮಾತು: ಎಲ್ಲ ನೋಡಿಯೂ ಸೇರಿದ ಬ್ರಾಂಚು ಹಿಡಿಸದಿದ್ದರೆ ಮೊದಲ ವರ್ಷದ ಅಂಕ ಚೆನ್ನಾಗಿರುವಂತೆ ನೋಡಿಕೊಳ್ಳಿ. ವಿಟಿಯು ನಿಯಮದಲ್ಲಿ ಮೂರನೇ ಸೆಮಿಸ್ಟರ್ ಆರಂಭದಲ್ಲಿ, ಖಾಲಿ ಸೀಟು ಇದ್ದರೆ, ಬ್ರಾಂಚು ಅಥವಾ ಕಾಲೇಜು ಬದಲಿಸಲು ಅರ್ಜಿ ಹಾಕಬಹುದು. ಸುತ್ತೋಲೆ ಬಂದ ಮೇಲೆ ಸಿಗುವ ಸಮಯ ಕಡಿಮೆ, ಆದ್ದರಿಂದ ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದಂತೆ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಲು ಶುರುಮಾಡಿ.